ಮನೆಯಲ್ಲಿ ಸಿಕ್ಲಿಡ್ ಮರಿ ಮಾಡಿಸುವುದು: ನೀರಿನ ಗುಣಮಟ್ಟ ಮತ್ತು ಸಂತಾನೋತ್ಪತ್ತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಏಂಜೆಲ್, ಆಸ್ಕರ್, ಕಾನ್ವಿಕ್ಟ್, ಡಿಸ್ಕಸ್, ಫ್ಲವರ್‌ಹಾರ್ನ್ ಹೀಗೆ ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಕಾಣುವ ಹಲವು ಮೀನುಗಳು ಸಿಕ್ಲಿಡ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಸಹ ಇದೇ ಕುಟುಂಬದ್ದು. ಮೊಟ್ಟೆಯಿಟ್ಟು ಮರೆಯದೆ, ಜೋಡಿಯಾಗಿ ಅಥವಾ ಒಂಟಿಯಾಗಿ ಮರಿಗಳನ್ನು ಕಾಯುವ ಸ್ವಭಾವವೇ ಇವುಗಳ ಬಗ್ಗೆ ಇಷ್ಟೊಂದು ಜನರಿಗೆ ಒಲವು ಮೂಡಲು ಕಾರಣ. ಕೆಳಗಿನ ಉತ್ತರಗಳನ್ನು ಕಾವೇರಿ ನೀರು, ಕೊಳವೆ ಬಾವಿ, ಟ್ಯಾಂಕರ್ ಮತ್ತು ಕರಾವಳಿ-ಮಲೆನಾಡಿನ ತೆರೆದ ಬಾವಿಯ ನೀರು ಬಳಸುವವರನ್ನು ಗಮನದಲ್ಲಿಟ್ಟುಕೊಂಡು ಬರೆಯಲಾಗಿದೆ.

ಯಾವ ಸಿಕ್ಲಿಡ್‌ನಿಂದ ಆರಂಭಿಸಬೇಕು?

ಮೀನನ್ನು ಆರಿಸುವ ಮೊದಲು ಮನೆಗೆ ಬರುವ ನೀರನ್ನು ಪರೀಕ್ಷಿಸಿ, ಆ ನೀರಿಗೆ ಒಗ್ಗುವ ಮೀನನ್ನು ತರುವುದು ಸರಿಯಾದ ಕ್ರಮ. ಬಹುತೇಕರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಇಷ್ಟವಾದ ಮೀನನ್ನು ತಂದು, ನಂತರ ನೀರನ್ನು ಅದಕ್ಕೆ ಹೊಂದಿಸಲು ವರ್ಷಗಟ್ಟಲೆ ಹೆಣಗುತ್ತಾರೆ. ಬೆಳೆದ ಮೀನು ತನಗೆ ಅಷ್ಟಾಗಿ ಹಿಡಿಸದ ನೀರಿನಲ್ಲಿಯೂ ಬದುಕಬಲ್ಲದು, ಆದರೆ ಮೊಟ್ಟೆಗೆ ಮತ್ತು ಈಗಷ್ಟೇ ಒಡೆದ ಮರಿಗೆ ಆ ಸಹನೆ ಇರುವುದಿಲ್ಲ. ಗಡಸು ನೀರಿನಲ್ಲಿ ಡಿಸ್ಕಸ್ ಅಥವಾ ರಾಮಿರೇಜಿ ಜೋಡಿ ಮತ್ತೆ ಮತ್ತೆ ಮೊಟ್ಟೆಯಿಟ್ಟರೂ ಅವು ಫಲಿಸದೆ ಬಿಳಿಯಾಗುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಬೆಂಗಳೂರು, ಕೋಲಾರ, ತುಮಕೂರು ಹಾಗೂ ಬಯಲುಸೀಮೆಯ ಬಹುಭಾಗದ ಕೊಳವೆ ಬಾವಿಯ ಗಡಸು ನೀರು, ಆಫ್ರಿಕಾದ ಮಲಾವಿ ಸರೋವರದ ಮೀನುಗಳಿಗೆ ಹೊಂದುತ್ತದೆ. ಆ ಸರೋವರದ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ; 7 ಎಂದರೆ ತಟಸ್ಥ) 7.7ರಿಂದ 8.6ರವರೆಗೆ ಇರುತ್ತದೆ. ಇಂಥ ಮನೆಗಳಲ್ಲಿ ಎಲ್ಲೋ ಲ್ಯಾಬ್ ಅತ್ಯುತ್ತಮ ಆಯ್ಕೆ. ಕಾವೇರಿ ನೀರು ಬರುವವರು ಏಂಜೆಲ್, ಕಾನ್ವಿಕ್ಟ್, ಕ್ರಿಬೆನ್ಸಿಸ್ ಇವುಗಳಲ್ಲಿ ಯಾವುದನ್ನಾದರೂ ಸಾಕಬಹುದು. ದಕ್ಷಿಣ ಕನ್ನಡ, ಉಡುಪಿ ಮತ್ತು ಮಲೆನಾಡಿನ ಮುರಕಲ್ಲಿನ ಬಾವಿಗಳ ಮೆದುವಾದ, ಸ್ವಲ್ಪ ಆಮ್ಲೀಯ ನೀರು ರಾಮಿರೇಜಿ, ಅಪಿಸ್ಟೋಗ್ರಾಮಾ ಮತ್ತು ಡಿಸ್ಕಸ್‌ಗೆ ಹೇಳಿ ಮಾಡಿಸಿದಂತಿರುತ್ತದೆ. ಬೆಂಗಳೂರಿನವರು ಹಣ ಕೊಟ್ಟು ಆರ್‌ಒ ಯಂತ್ರದಿಂದ ಪಡೆಯುವ ನೀರು ಪುತ್ತೂರಿನ ಅಥವಾ ತೀರ್ಥಹಳ್ಳಿಯ ಮನೆಯವರಿಗೆ ಹಗ್ಗ-ಕೊಡದಲ್ಲಿ ಸಿಗುತ್ತದೆ. ಅವರು ಆ ಅನುಕೂಲವನ್ನು ಬಳಸಿಕೊಳ್ಳಬೇಕು.

ನೀರಿನಲ್ಲಿ ಏನೇನನ್ನು ಪರೀಕ್ಷಿಸಬೇಕು? ಟಿಡಿಎಸ್ ಮೀಟರ್ ಒಂದಿದ್ದರೆ ಸಾಲದೇ?

ಸಾಲದು. ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಅಂದಾಜನ್ನು ಮಾತ್ರ ಕೊಡುತ್ತದೆ. ಆ ಲವಣ ಕ್ಯಾಲ್ಸಿಯಂ ಆಗಿದೆಯೋ ಸೋಡಿಯಂ ಆಗಿದೆಯೋ ಎಂಬುದನ್ನಾಗಲಿ, ಮೀನನ್ನು ಕೊಲ್ಲಲು ಸಾಕಾಗುವಷ್ಟು ಅಮೋನಿಯಾ ಇದೆಯೇ ಎಂಬುದನ್ನಾಗಲಿ ಅದು ತಿಳಿಸುವುದಿಲ್ಲ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ಇವು ನಾಲ್ಕು ಮತ್ತು ಒಟ್ಟು ಗಡಸುತನ (ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಪ್ರಮಾಣ), ಕಾರ್ಬೊನೇಟ್ ಗಡಸುತನ (ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ) ಇವೆರಡು, ಹೀಗೆ ಆರು ಪರೀಕ್ಷೆಗಳು ಬೇಕು. ಪಟ್ಟಿಯನ್ನು ಅದ್ದಿ ನೋಡುವ ಕಿಟ್‌ಗಿಂತ, ಗಾಜಿನ ನಳಿಕೆಯಲ್ಲಿ ಹನಿ ಹಾಕಿ ಬಣ್ಣ ಹೋಲಿಸುವ ಕಿಟ್ ಹೆಚ್ಚು ನಂಬಿಕೆಗೆ ಅರ್ಹ.

ಎರಡು ವಿಷಯಗಳಲ್ಲಿ ಎಚ್ಚರ ವಹಿಸಬೇಕು. ಕೊಳವೆ ಬಾವಿಯಿಂದ ಆಗತಾನೇ ಎತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಪಿಎಚ್ ನಿಜಕ್ಕಿಂತ ಕಡಿಮೆ ತೋರುತ್ತದೆ; ಬಕೆಟ್ಟಿನಲ್ಲಿ ಒಂದು ದಿನ ಗಾಳಿಯಾಡಿಸಿ ಆಮೇಲೆ ಅಳೆದರೆ ಸರಿಯಾದ ಅಂಕಿ ಸಿಗುತ್ತದೆ. ಎರಡನೆಯದಾಗಿ, ನೀರು ತೊಟ್ಟಿಗೆ ಸೇರುವ ಮೊದಲೇ ಅದರಲ್ಲಿ ನೈಟ್ರೇಟ್ ಇದೆಯೇ ಎಂದು ನೋಡಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ನಿಗದಿಪಡಿಸಿರುವ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಗೊಬ್ಬರ ಮತ್ತು ಶೌಚಗುಂಡಿಗಳ ಪ್ರಭಾವಕ್ಕೆ ಒಳಗಾದ ಕೊಳವೆ ಬಾವಿಗಳ ನೀರು ಈ ಮಿತಿಯನ್ನು ದಾಟುವುದುಂಟು. ಅಂಥ ನೀರನ್ನು ಎಷ್ಟು ಸಲ ಬದಲಿಸಿದರೂ ತೊಟ್ಟಿಯ ನೈಟ್ರೇಟ್ ಅದಕ್ಕಿಂತ ಕೆಳಗೆ ಇಳಿಯದು.

ಟ್ಯಾಂಕರ್ ನೀರು ತರಿಸುವವರು ಪ್ರತಿ ಲೋಡಿಗೂ ಟಿಡಿಎಸ್ ಮತ್ತು ಪಿಎಚ್ ನೋಡಲೇಬೇಕು. ಒಂದು ವಾರ ಒಂದು ಬಾವಿಯದು, ಮರುವಾರ ಇನ್ನೊಂದರದು ಬಂದಾಗ ಮೊಟ್ಟೆಯಿಡುತ್ತಿದ್ದ ಜೋಡಿ ಹಠಾತ್ತಾಗಿ ನಿಲ್ಲಿಸಿಬಿಡುವುದು ಸಾಮಾನ್ಯ. ಮೀಟರ್ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ.

ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದೆ. ಆ ನೀರು ಮೆದು ನೀರಿನ ಮೀನುಗಳಿಗೆ ಆಗುತ್ತದೆಯೇ?

ಆಗುವುದಿಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಹಿಡಿದುಕೊಂಡು ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ನಲ್ಲಿಯಲ್ಲಿ ಬಿಳಿ ಕಲೆ ಕಟ್ಟುವುದಿಲ್ಲ, ಆದರೆ ಒಟ್ಟು ಲವಣದ ಪ್ರಮಾಣ ಇದ್ದಷ್ಟೇ ಇರುತ್ತದೆ. ಇಂಥ ನೀರು ಡಿಸ್ಕಸ್‌ಗೂ ಒಗ್ಗದು. ಕ್ಯಾಲ್ಸಿಯಂ ಬಯಸುವ ಮಲಾವಿ ಮೀನುಗಳಿಗೂ ಒಳ್ಳೆಯದಲ್ಲ. ಸಾಧ್ಯವಿದ್ದರೆ ಸಾಫ್ಟ್‌ನರ್‌ಗೆ ಹೋಗುವ ಮೊದಲಿನ ನಲ್ಲಿಯಿಂದ ನೀರು ಹಿಡಿಯಿರಿ.

ಕ್ಲೋರಿನ್ ತೆಗೆಯುವುದು ಹೇಗೆ? ಸಂಪಿನಲ್ಲಿ ನಿಂತ ನೀರಿನಲ್ಲಿ ಕ್ಲೋರಿನ್ ಉಳಿದಿರುತ್ತದೆಯೇ?

ಬೆಂಗಳೂರಿಗೆ ಬರುವ ಕಾವೇರಿ ನೀರನ್ನು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಲಾಗುತ್ತದೆ. ದಾರಿಯಲ್ಲಿ ಸೋಂಕು ತಗಲದಂತೆ ನಲ್ಲಿಯವರೆಗೂ ಸ್ವಲ್ಪ ಕ್ಲೋರಿನ್ ಉಳಿಯುವಂತೆ ನೋಡಿಕೊಳ್ಳುತ್ತಾರೆ. ನಮ್ಮ ಆರೋಗ್ಯಕ್ಕೆ ಅಗತ್ಯವಾದ ಅದೇ ಕ್ಲೋರಿನ್ ಮೀನಿನ ಕಿವಿರುಗಳನ್ನು ಸುಡುತ್ತದೆ ಮತ್ತು ಫಿಲ್ಟರಿನ ಉಪಕಾರಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಡ್ರಮ್ಮಿನಲ್ಲಿ ನೀರು ತುಂಬಿ 24 ಗಂಟೆ ಏರ್ ಪಂಪಿನಿಂದ ಗಾಳಿಯಾಡಿಸಿದರೆ ಕ್ಲೋರಿನ್ ಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಸಿಗುವ ದ್ರಾವಣವನ್ನು ಬಾಟಲಿಯ ಮೇಲೆ ಬರೆದಿರುವ ಪ್ರಮಾಣದಲ್ಲಿ ಹಾಕಬಹುದು.

ಸಂಪು ಮತ್ತು ಮೇಲಿನ ಟ್ಯಾಂಕಿನಲ್ಲಿ ನಿಂತಾಗ ಕ್ಲೋರಿನ್ ಬಹಳಷ್ಟು ಆರಿಹೋಗುವುದು ನಿಜ, ಆದ್ದರಿಂದಲೇ ಅನೇಕರು ತಿಂಗಳುಗಟ್ಟಲೆ ನೇರವಾಗಿ ನಲ್ಲಿ ನೀರು ಹಾಕಿಯೂ ಏನೂ ಆಗಲಿಲ್ಲ ಎಂದು ಧೈರ್ಯ ತಂದುಕೊಂಡಿರುತ್ತಾರೆ. ಆಮೇಲೆ ಒಂದು ದಿನ ಸಂಪನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ಮರುದಿನ ನೀರು ಬದಲಿಸಿ, ಇಡೀ ತೊಟ್ಟಿಯನ್ನೇ ಕಳೆದುಕೊಳ್ಳುತ್ತಾರೆ. ಕಟ್ಟಡದಲ್ಲಿ ಸಂಪು ತೊಳೆಯುವ ದಿನವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ನೀರು ಹಿಡಿದಿಡುವ ಡ್ರಮ್ಮಿಗೆ ಮುಚ್ಚಳ ಅಥವಾ ಬಟ್ಟೆ ಕಟ್ಟುವುದನ್ನು ಮರೆಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ.

ಹೊಸ ತೊಟ್ಟಿಯಲ್ಲಿ ನೀರು ತಿಳಿಯಾಗಿದ್ದರೂ ಎರಡು ವಾರದೊಳಗೆ ಮೀನು ಸಾಯುವುದೇಕೆ?

ಮೀನಿನ ಕಿವಿರು ಮತ್ತು ಹಿಕ್ಕೆಯಿಂದ, ಉಳಿದ ಆಹಾರ ಕೊಳೆಯುವುದರಿಂದ ಅಮೋನಿಯಾ ಉಂಟಾಗುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತದೆ. ಮೊದಲೆರಡು ವಿಷ, ಮೂರನೆಯದು ಪ್ರಮಾಣ ಮೀರದಿದ್ದರೆ ಸಹ್ಯ. ಹೊಸ ಫಿಲ್ಟರಿನಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ, ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾಗೆ ಬಣ್ಣವಿಲ್ಲದ ಕಾರಣ ನೀರು ತಿಳಿಯಾಗಿರುವುದು ಯಾವುದಕ್ಕೂ ಸಾಕ್ಷಿಯಲ್ಲ.

ಆದ್ದರಿಂದ ಮೀನಿಲ್ಲದೆಯೇ ತೊಟ್ಟಿಯನ್ನು ಸಿದ್ಧಗೊಳಿಸಬೇಕು. ಫಿಲ್ಟರ್ ಓಡಿಸುತ್ತ ದಿನವೂ ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟರೆ ಅಮೋನಿಯಾ ಏರಿ ಇಳಿಯುತ್ತದೆ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿಕೊಂಡ ಮೇಲೆ ಮೀನು ತನ್ನಿ. ಆರೋಗ್ಯವಾದ ತೊಟ್ಟಿ ಇರುವ ಸ್ನೇಹಿತರಿಂದ ಓಡುತ್ತಿರುವ ಸ್ಪಂಜ್ ಫಿಲ್ಟರ್ ಒಂದನ್ನು ತಂದು ಹಾಕಿದರೆ ಈ ಅವಧಿ ಬಹಳ ಕಡಿಮೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಯಾವ ಬಾಟಲಿ ಬ್ಯಾಕ್ಟೀರಿಯಾಗಿಂತಲೂ ಇದು ಮೇಲು. ಆ ಸ್ಪಂಜನ್ನು ಒದ್ದೆಯಾಗಿಯೇ ತರಬೇಕು. ಮುಂದೆ ಯಾವಾಗ ತೊಳೆದರೂ ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಬೇಕೇ ಹೊರತು ನಲ್ಲಿಯ ಕೆಳಗೆ ಹಿಡಿಯಬಾರದು.

ಗಾಳಿಯಾಡುತ್ತಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೈಟ್ರೈಟನ್ನು ಅನುಮಾನಿಸಬೇಕು. ಅದು ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನು ಕಸಿದು ಕಿವಿರನ್ನು ಕಂದಾಗಿಸುತ್ತದೆ. ಅರ್ಧದಷ್ಟು ನೀರು ಬದಲಿಸಿ, ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪನ್ನು ಕರಗಿಸಿ ಹಾಕಿ, ಒಂದೆರಡು ದಿನ ಆಹಾರ ನಿಲ್ಲಿಸಿ. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಕಿವಿರಿನ ಮೂಲಕ ಒಳಹೋಗುವುದನ್ನು ತಡೆಯುತ್ತದೆ.

ಅಮೋನಿಯಾ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ತೋರಿಸುತ್ತಿದೆ. ಸ್ನೇಹಿತರೊಬ್ಬರ ತೊಟ್ಟಿಯಲ್ಲಿ ಅಷ್ಟೇ ಇದ್ದರೂ ಅವರ ಮೀನು ಚೆನ್ನಾಗಿದೆ. ಇದು ಹೇಗೆ?

ಉತ್ತರ ಪಿಎಚ್‌ನಲ್ಲಿದೆ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ: ವಿಷಕಾರಿಯಾದ ಅಮೋನಿಯಾ ಮತ್ತು ಹೆಚ್ಚು ಹಾನಿ ಮಾಡದ ಅಮೋನಿಯಂ. ಕಿಟ್ ತೋರಿಸುವುದು ಎರಡರ ಮೊತ್ತವನ್ನು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಆ ಮೊತ್ತದಲ್ಲಿ ವಿಷಕಾರಿ ರೂಪ ಶೇ 0.6ರಷ್ಟು ಮಾತ್ರ, ಪಿಎಚ್ 8ರಲ್ಲಿ ಅದು ಶೇ 5ಕ್ಕಿಂತ ಹೆಚ್ಚು, ಪಿಎಚ್ 9ರಲ್ಲಿ ಸುಮಾರು ಶೇ 36. ಅಂದರೆ ಕರಾವಳಿಯ ಮೆದು ನೀರಿನಲ್ಲಿ ಮೀನು ತಡೆದುಕೊಳ್ಳುವ ಅದೇ 1 ಪಿಪಿಎಂ, ಬಯಲುಸೀಮೆಯ ಕ್ಷಾರೀಯ ನೀರಿನಲ್ಲಿ ಕಿವಿರನ್ನು ಹಾಳುಮಾಡುತ್ತದೆ. ಮಲಾವಿ ಮೀನುಗಳನ್ನು ಸಾಕುವವರು ಈ ಕಾರಣಕ್ಕಾಗಿ ಫಿಲ್ಟರನ್ನು ಅಗತ್ಯಕ್ಕಿಂತ ದೊಡ್ಡದಾಗಿಯೇ ಇಡಬೇಕು.

ವಾರಕ್ಕೆ ಎಷ್ಟು ನೀರು ಬದಲಿಸಬೇಕು?

ವಾರಕ್ಕೆ ಕಾಲು ಭಾಗ ಎಂಬ ಮಾತು ಎಲ್ಲರಿಗೂ ಗೊತ್ತು. ಅದು ಸಾಕೋ ಇಲ್ಲವೋ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ವಾರದಲ್ಲಿ ನೈಟ್ರೇಟ್ ಎಷ್ಟು ಏರುತ್ತದೆ ಎಂದು ಅಳೆಯಿರಿ. ಅದನ್ನು ನೀವು ಬದಲಿಸುವ ಪಾಲಿನಿಂದ ಭಾಗಿಸಿ. ಬದಲಿಸುವ ನೀರಿನಲ್ಲಿಯೇ ಇರುವ ನೈಟ್ರೇಟನ್ನು ಕೂಡಿಸಿ. ವಾರಕ್ಕೆ 10 ಪಿಪಿಎಂ ಏರುವ ತೊಟ್ಟಿಯಲ್ಲಿ ಕಾಲು ಭಾಗ ಬದಲಿಸುತ್ತಿದ್ದರೆ ನೈಟ್ರೇಟ್ ಕೊನೆಗೆ 40ಕ್ಕೆ ಬಂದು ನಿಲ್ಲುತ್ತದೆ, ಅರ್ಧ ಬದಲಿಸಿದರೆ 20ಕ್ಕೆ. ನಿಮ್ಮ ಕೊಳವೆ ಬಾವಿಯಲ್ಲಿಯೇ 30 ಇದ್ದರೆ ಅವು ಕ್ರಮವಾಗಿ 70 ಮತ್ತು 50 ಆಗುತ್ತವೆ. ಸಾಮಾನ್ಯ ಸಿಕ್ಲಿಡ್‌ಗಳಿಗೆ 40ರ ಒಳಗೆ, ಡಿಸ್ಕಸ್‌ಗೆ ಮತ್ತು ಮರಿಗಳಿಗೆ 20ರ ಒಳಗೆ ಇರುವಂತೆ ನೋಡಿಕೊಳ್ಳಿ. ಆಸ್ಕರ್‌ನಂಥ ದೊಡ್ಡ ಮೀನಿಗೆ ವಾರಕ್ಕೆ ಅರ್ಧ ಭಾಗವೂ ಕೆಲವೊಮ್ಮೆ ಸಾಲದು. ಆಹಾರವನ್ನು ಕಡಿಮೆ ಮಾಡುವುದೂ ಒಂದು ದಾರಿ.

ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಡಿ. ಉಪ್ಪು ಮತ್ತು ಔಷಧಿ ಹಾಕದಿದ್ದರೆ ಅದರಲ್ಲಿರುವ ನೈಟ್ರೇಟ್ ಗಿಡಗಳಿಗೆ ಗೊಬ್ಬರ.

ನಮ್ಮದು ಬಾವಿಯ ಮೆದು ನೀರು. ವರ್ಷದಿಂದ ಚೆನ್ನಾಗಿದ್ದ ತೊಟ್ಟಿಯಲ್ಲಿ ದೊಡ್ಡ ಪ್ರಮಾಣದ ನೀರು ಬದಲಿಸಿದ ದಿನವೇ ಮೀನುಗಳು ಸತ್ತವು. ಹೊಸ ನೀರು ಕೆಟ್ಟಿತ್ತೇ?

ಹೊಸ ನೀರು ಕೆಟ್ಟಿರಬೇಕಾಗಿಲ್ಲ. ಹಳೆಯ ನೀರಿನ ಸ್ಥಿತಿಯೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಬ್ಯಾಕ್ಟೀರಿಯಾ ಅಮೋನಿಯಾವನ್ನು ಮಾರ್ಪಡಿಸುವಾಗ ಆಮ್ಲ ಉತ್ಪತ್ತಿಯಾಗುತ್ತದೆ, ಅದನ್ನು ತಟಸ್ಥಗೊಳಿಸಲು ನೀರಿನ ಕಾರ್ಬೊನೇಟ್ ವ್ಯಯವಾಗುತ್ತದೆ. ಅಮೋನಿಯಾದಲ್ಲಿರುವ ಪ್ರತಿ 1 ಗ್ರಾಂ ಸಾರಜನಕಕ್ಕೆ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಸುಮಾರು 7 ಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಗಡಸು ನೀರಿನಲ್ಲಿ ಈ ದಾಸ್ತಾನು ದೊಡ್ಡದು. ಮುರಕಲ್ಲಿನ ಬಾವಿಯ ನೀರಿನಲ್ಲಿ ಅದು ಮೊದಲೇ ಅತ್ಯಲ್ಪ. ನೀರು ಬದಲಿಸುವುದನ್ನು ಕೆಲವು ವಾರ ತಪ್ಪಿಸಿದರೆ ದಾಸ್ತಾನು ಮುಗಿದು ಪಿಎಚ್ 6ಕ್ಕಿಂತ ಕೆಳಗಿಳಿಯುತ್ತದೆ, ಬ್ಯಾಕ್ಟೀರಿಯಾ ಕೆಲಸವನ್ನು ಬಹುತೇಕ ನಿಲ್ಲಿಸುತ್ತದೆ, ಅಮೋನಿಯಾ ಶೇಖರವಾಗುತ್ತದೆ. ಆದರೆ ಅಷ್ಟು ಆಮ್ಲೀಯ ನೀರಿನಲ್ಲಿ ಅದು ನಿರುಪದ್ರವಿಯಾದ ಅಮೋನಿಯಂ ರೂಪದಲ್ಲಿರುವುದರಿಂದ ಮೀನುಗಳು ಮೆಲ್ಲಗೆ ಮಂಕಾಗುತ್ತವೆಯೇ ಹೊರತು ಸಾಯುವುದಿಲ್ಲ. ಈ ಹೊತ್ತಿನಲ್ಲಿ ಒಮ್ಮೆಲೇ ಅರ್ಧದಷ್ಟು, ತೊಟ್ಟಿಯ ನೀರಿಗಿಂತ ಹೆಚ್ಚು ಪಿಎಚ್ ಇರುವ ಹೊಸ ನೀರು ಸುರಿದರೆ ಪಿಎಚ್ ಏರಿ, ಶೇಖರವಾಗಿದ್ದ ಅಮೋನಿಯಂ ನಿಮಿಷಗಳಲ್ಲಿ ವಿಷಕಾರಿ ಅಮೋನಿಯಾ ಆಗಿ ಬದಲಾಗುತ್ತದೆ.

ಬಹುಕಾಲ ನೀರು ಬದಲಿಸದ ತೊಟ್ಟಿಯನ್ನು ಮುಟ್ಟುವ ಮೊದಲು ಪಿಎಚ್ ಮತ್ತು ಅಮೋನಿಯಾ ಎರಡನ್ನೂ ಅಳೆಯಿರಿ. ಪಿಎಚ್ ತಗ್ಗಿದ್ದು ಅಮೋನಿಯಾ ಇದ್ದರೆ ದಿನಕ್ಕೆ ಹತ್ತನೇ ಒಂದು ಭಾಗದಂತೆ ಮಾತ್ರ ಬದಲಿಸುತ್ತ ನಿಧಾನವಾಗಿ ಸರಿಪಡಿಸಿ. ಶಾಶ್ವತ ಪರಿಹಾರಕ್ಕೆ, ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಒಂದು ಮುಷ್ಟಿಯಷ್ಟು ಬಲೆಯ ಚೀಲದಲ್ಲಿ ಹಾಕಿ ಫಿಲ್ಟರಿನಲ್ಲಿಡಬಹುದು. ನೀರು ಆಮ್ಲೀಯವಾದಂತೆ ಅವು ತಾವಾಗಿಯೇ ಕರಗುತ್ತವೆ. ಅಡುಗೆ ಸೋಡಾವನ್ನೂ ಬಳಸಬಹುದು: 100 ಲೀಟರಿಗೆ 3 ಗ್ರಾಂ ಹಾಕಿದರೆ ಕಾರ್ಬೊನೇಟ್ ಗಡಸುತನ ಒಂದು ಡಿಗ್ರಿ ಏರುತ್ತದೆ. ಅಮೋನಿಯಾ ಇರುವಾಗ ಮಾತ್ರ ಸೋಡಾ ಹಾಕಬೇಡಿ.

ಆರ್‌ಒ ನೀರನ್ನು ನೇರವಾಗಿ ಬಳಸಬಹುದೇ?

ಬಳಸಬಾರದು. ಮೇಲೆ ಹೇಳಿದ ಕಾರ್ಬೊನೇಟ್ ದಾಸ್ತಾನು ಅದರಲ್ಲಿ ಇರುವುದೇ ಇಲ್ಲ. ಬೆರೆಸಿ ಬಳಸಿ. ಉದಾಹರಣೆಗೆ ಕೊಳವೆ ಬಾವಿಯ ಟಿಡಿಎಸ್ 800, ಆರ್‌ಒ ನೀರಿನದು 30 ಇದ್ದು, ನಿಮಗೆ 200 ಬೇಕಿದ್ದರೆ 10 ಲೀಟರಿನಲ್ಲಿ 2.2 ಲೀಟರ್ ಬಾವಿಯ ನೀರು, ಉಳಿದದ್ದು ಆರ್‌ಒ ನೀರು ಇರಬೇಕು. ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನು ತೊಟ್ಟಿಗೆ ಹಾಕಬೇಡಿ.

ಬೀದಿ ಬದಿಯ ಬಾದಾಮಿ ಮರದ ಒಣಗಿ ಉದುರಿದ ಎಲೆಗಳನ್ನು ತೊಳೆದು ಹಾಕುವ ರೂಢಿ ಒಳ್ಳೆಯದು. ಅವು ಬಿಡುವ ಟ್ಯಾನಿನ್ ಮೆದು ನೀರನ್ನು ಸ್ವಲ್ಪ ಆಮ್ಲೀಯಗೊಳಿಸುತ್ತದೆ ಮತ್ತು ಮೊಟ್ಟೆಗೆ ಬೂಷ್ಟು ಹಿಡಿಯುವುದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ಗಡಸು ನೀರಿನಲ್ಲಿ ಬಣ್ಣ ಬರುತ್ತದೆಯೇ ಹೊರತು ಪಿಎಚ್ ಇಳಿಯುವುದಿಲ್ಲ.

ಕರೆಂಟ್ ಹೋದಾಗ ಏನು ಮಾಡಬೇಕು?

ಬ್ಯಾಟರಿ ಏರ್ ಪಂಪ್ ಒಂದನ್ನು ಮನೆಯಲ್ಲಿಟ್ಟುಕೊಳ್ಳಿ, ಅಥವಾ ಏರ್ ಪಂಪನ್ನು ಇನ್ವರ್ಟರಿಗೆ ಸೇರಿಸಿ. ಆ ಹೊತ್ತಿನಲ್ಲಿ ಆಹಾರ ಹಾಕಬೇಡಿ. ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗೆ ಇಡುವ, ಮುಚ್ಚಿದ ಡಬ್ಬಿಯಂಥ ಫಿಲ್ಟರ್) ಹಲವು ಗಂಟೆ ನಿಂತಿದ್ದರೆ ಒಳಗಿನ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಸಾಯತೊಡಗಿ ನೀರು ನಾರುತ್ತದೆ. ಅದನ್ನು ಬಿಚ್ಚಿ ತೊಟ್ಟಿಯ ನೀರಿನಲ್ಲಿ ತೊಳೆದ ಮೇಲೆಯೇ ಮತ್ತೆ ಓಡಿಸಿ. ಹೀಟರ್ ಬಗ್ಗೆಯೂ ಇಲ್ಲಿಯೇ ಹೇಳಬಹುದು: ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ ಕಡೆ ಮರಿ ಮಾಡಿಸುವವರಿಗೆ ಲೀಟರಿಗೆ ಸುಮಾರು 1 ವ್ಯಾಟ್ ಲೆಕ್ಕದ ಹೀಟರ್ ಬೇಕೇ ಬೇಕು. ಮಂಗಳೂರಿನವರಿಗೆ ಡಿಸ್ಕಸ್ ಬಿಟ್ಟರೆ ಅದರ ಅಗತ್ಯ ಕಡಿಮೆ.

ಗಂಡು-ಹೆಣ್ಣು ಗುರುತಿಸಿ ಜೋಡಿ ತರುವುದು ಹೇಗೆ?

ಕಾನ್ವಿಕ್ಟ್‌ನಲ್ಲಿ ಸುಲಭ: ಹೆಣ್ಣು ಚಿಕ್ಕದು, ಅದರ ಹೊಟ್ಟೆಯ ಮೇಲೆ ಕಿತ್ತಳೆ ಛಾಯೆ ಇರುತ್ತದೆ. ಕ್ರಿಬೆನ್ಸಿಸ್ ಹೆಣ್ಣಿನ ಹೊಟ್ಟೆ ದುಂಡಗೆ, ನೇರಳೆ-ಕೆಂಪು ಬಣ್ಣದ್ದು. ಏಂಜೆಲ್ ಮತ್ತು ಡಿಸ್ಕಸ್‌ನಲ್ಲಿ ಹೊರನೋಟದಿಂದ ತಿಳಿಯುವುದು ಕಷ್ಟ. ಮೊಟ್ಟೆಯಿಡುವ ಹೊತ್ತಿಗೆ ಹೊಟ್ಟೆಯಡಿ ಇಳಿಯುವ ನಳಿಕೆ ಗಂಡಿನಲ್ಲಿ ಸಣ್ಣಗೆ ಮೊನಚಾಗಿಯೂ ಹೆಣ್ಣಿನಲ್ಲಿ ದಪ್ಪಗೆ ಮೊಂಡಾಗಿಯೂ ಇರುತ್ತದೆ. ಆರು ಮರಿಗಳನ್ನು ತಂದು ಒಟ್ಟಿಗೆ ಬೆಳೆಸಿ, ಅವು ತಾವೇ ಜೋಡಿ ಕಟ್ಟಿಕೊಳ್ಳಲು ಬಿಡುವುದು ಉತ್ತಮ. ಎಂಟರಿಂದ ಹನ್ನೆರಡು ತಿಂಗಳಲ್ಲಿ ಎರಡು ಮೀನುಗಳು ಒಂದು ಮೂಲೆಯನ್ನು ಹಿಡಿದು ಉಳಿದವನ್ನು ಓಡಿಸತೊಡಗಿದರೆ ಜೋಡಿಯಾದಂತೆ. ಗಂಡಿಲ್ಲದೆ ಎರಡು ಹೆಣ್ಣುಗಳೇ ಜೋಡಿಯಂತೆ ವರ್ತಿಸಿ ಮೊಟ್ಟೆಯಿಡುವುದೂ ಉಂಟು. ಆಗ ಮೊಟ್ಟೆಗಳೆಲ್ಲ ಬಿಳಿಯಾಗುತ್ತವೆ.

ಏಂಜೆಲ್ ಜೋಡಿಗೆ ಮೊಟ್ಟೆಯಿಡಲು ಏನು ಏರ್ಪಾಡು ಬೇಕು?

60ರಿಂದ 80 ಲೀಟರಿನ, 18 ಇಂಚು ಎತ್ತರದ ತೊಟ್ಟಿ ಸಾಕು. ತಳದಲ್ಲಿ ಜಲ್ಲಿ ಬೇಡ, ಒಂದು ಸ್ಪಂಜ್ ಫಿಲ್ಟರ್ ಇರಲಿ, ಉಷ್ಣತೆ 27-28 ಡಿಗ್ರಿ ಇರಲಿ. ಮೊಟ್ಟೆ ಅಂಟಿಸಲು ಪಿವಿಸಿ ಪೈಪಿನ ತುಂಡನ್ನೋ ಮಂಗಳೂರು ಹೆಂಚಿನ ತುಂಡನ್ನೋ ಓರೆಯಾಗಿ ನಿಲ್ಲಿಸಿ. ಕಡಪ ಕಲ್ಲು ಸುಣ್ಣದ ಅಂಶದ್ದಾದ್ದರಿಂದ ಅದನ್ನು ಮಲಾವಿ ತೊಟ್ಟಿಗೆ ಮೀಸಲಿಡಿ.

ಮೊಟ್ಟೆಯಿಡುವ ಮುನ್ನ ಜೋಡಿ ಆ ಪೈಪನ್ನು ಬಾಯಿಯಿಂದ ಕಚ್ಚಿ ಕಚ್ಚಿ ಸ್ವಚ್ಛಗೊಳಿಸುತ್ತದೆ. ಬಳಿಕ ಹೆಣ್ಣು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸರಿಯುತ್ತ, ಜೇನಿನ ಬಣ್ಣದ ಮೊಟ್ಟೆಗಳನ್ನು ಸಾಲಾಗಿ ಅಂಟಿಸುತ್ತದೆ. ಅದು ಬದಿಗೆ ಸರಿದ ಕೂಡಲೇ ಗಂಡು ಅದೇ ಸಾಲಿನ ಮೇಲೆ ಹಾದುಹೋಗುತ್ತದೆ. ಒಂದು ಗಂಟೆಗೂ ಮೀರಿ ನಡೆಯುವ ಈ ಸರದಿಯಲ್ಲಿ ಕೆಲವು ನೂರು ಮೊಟ್ಟೆಗಳು ಸೇರುತ್ತವೆ. ನಂತರ ಇಬ್ಬರೂ ಎದೆಯ ರೆಕ್ಕೆಗಳಿಂದ ಬಿಡದೆ ನೀರು ಬೀಸುತ್ತಾರೆ ಮತ್ತು ಬಿಳಿಯಾದವನ್ನು ಆರಿಸಿ ತಿನ್ನುತ್ತಾರೆ. 48ರಿಂದ 60 ಗಂಟೆಗಳಲ್ಲಿ ಮೊಟ್ಟೆ ಒಡೆದು, ಮರಿಗಳು ತಲೆಯ ಅಂಟಿನಿಂದ ನೇತಾಡುತ್ತ ಬಾಲ ಅಲುಗಿಸುತ್ತವೆ. ಕೆಳಗೆ ಬಿದ್ದದ್ದನ್ನು ತಂದೆಯೋ ತಾಯಿಯೋ ಬಾಯಲ್ಲಿ ಎತ್ತಿ ತಂದು ಮತ್ತೆ ಅಂಟಿಸುವುದನ್ನು ನೋಡಲೆಂದೇ ಸಿಕ್ಲಿಡ್ ಸಾಕುವವರಿದ್ದಾರೆ, ಅದಕ್ಕೆ ಅಷ್ಟು ಬೆಲೆ ಇದೆ. ಇನ್ನು ನಾಲ್ಕೈದು ದಿನಗಳಲ್ಲಿ ಹೊಟ್ಟೆಯಡಿಯ ಹಳದಿ ಚೀಲ ಕರಗಿ ಮರಿಗಳು ಈಜಲಾರಂಭಿಸುತ್ತವೆ.

ಜೋಡಿ ಪ್ರತಿ ಸಲವೂ ಮೊಟ್ಟೆಯನ್ನು ತಿಂದುಬಿಡುತ್ತದೆ. ಏನು ಮಾಡಲಿ?

ಹೊಸ ಜೋಡಿ ಮೊದಲ ಕೆಲವು ಸಲ ಹೀಗೆ ಮಾಡುವುದು ಸಹಜ, ಆದ್ದರಿಂದ ತಾಳ್ಮೆಯಿಂದ ಅವಕಾಶ ಕೊಡಿ. ತೊಟ್ಟಿಯ ಮುಂದೆ ಓಡಾಟ, ರಾತ್ರಿ ಒಮ್ಮೆಲೇ ದೀಪ ಆರಿಸುವುದು, ಜೊತೆಗಿರುವ ಇತರ ಮೀನುಗಳು ಇವು ಜೋಡಿಯನ್ನು ಬೆದರಿಸುತ್ತವೆ. ಮಂದ ದೀಪ ಒಂದನ್ನು ರಾತ್ರಿಯಿಡೀ ಉರಿಯಲು ಬಿಟ್ಟರೆ ಅನೇಕ ಜೋಡಿಗಳು ಸುಧಾರಿಸುತ್ತವೆ.

ಅದಾದ ಮೇಲೂ ತಿಂದರೆ ಮೊಟ್ಟೆ ಇರುವ ಪೈಪನ್ನು ಅದೇ ತೊಟ್ಟಿಯ ನೀರು ತುಂಬಿದ 10-15 ಲೀಟರಿನ ಪಾತ್ರೆಗೆ, ನೀರಿನಿಂದ ಹೊರಗೆ ಹೆಚ್ಚು ಹೊತ್ತು ಇಡದೆ, ವರ್ಗಾಯಿಸಿ. ಗುಳ್ಳೆಗಳು ಮೊಟ್ಟೆಗೆ ಬಡಿಯದೆ ಪಕ್ಕದಲ್ಲಿ ಏಳುವಂತೆ ಏರ್ ಸ್ಟೋನ್ ಇಡಿ, ಮೊಟ್ಟೆಗೆ ಬೂಷ್ಟು ಹಿಡಿಯದಂತೆ, ನೀರು ತಿಳಿ ನೀಲಿಯಾಗುವಷ್ಟು ಮೆಥಿಲೀನ್ ಬ್ಲೂ ಎಂಬ ಔಷಧಿ ಹಾಕಿ. ಇಷ್ಟಾದರೂ, ತಂದೆತಾಯಿಯೇ ಬೆಳೆಸಿದ ಮರಿಗಳು ಸಿಗುವುದಾದರೆ ಅದನ್ನೇ ನಾನು ಆರಿಸುವೆ.

ಮರಿಗಳಿಗೆ ಮೊದಲ ಆಹಾರ ಯಾವುದು?

ಆಗತಾನೇ ಮೊಟ್ಟೆಯೊಡೆದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ. ಪುಡಿ ಆಹಾರದಲ್ಲಿ ಏಂಜೆಲ್ ಮರಿ ಬೆಳೆಸಲು ಹೋಗಿ ಸೋಲುವವರೇ ಹೆಚ್ಚು, ಏಕೆಂದರೆ ಮರಿ ಅಲುಗಾಡುವುದನ್ನು ಮಾತ್ರ ಬೇಟೆಯೆಂದು ಗುರುತಿಸುತ್ತದೆ. ಒಂದು ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಲೀಟರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ, ಆರ್ಟೀಮಿಯಾ ಮೊಟ್ಟೆ ಹಾಕಿ, 26-28 ಡಿಗ್ರಿಯಲ್ಲಿ ಬೆಳಕು ಮತ್ತು ಜೋರಾದ ಗಾಳಿ ಕೊಟ್ಟರೆ 24ರಿಂದ 36 ಗಂಟೆಗಳಲ್ಲಿ ಒಡೆಯುತ್ತದೆ. ಗಾಳಿ ನಿಲ್ಲಿಸಿ ಕೆಳಭಾಗಕ್ಕೆ ಬೆಳಕು ಹಿಡಿದರೆ ಕಿತ್ತಳೆ ಬಣ್ಣದ ಮರಿಗಳು ಅಲ್ಲಿ ಸೇರುತ್ತವೆ, ಖಾಲಿ ಚಿಪ್ಪುಗಳು ಮೇಲೆ ತೇಲುತ್ತವೆ. ಸಣ್ಣ ಕೊಳವೆಯಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ದಿನಕ್ಕೆ ಮೂರು-ನಾಲ್ಕು ಸಲ ಕೊಡಿ. ತಿಂದ ಮರಿಯ ಹೊಟ್ಟೆ ಕಿತ್ತಳೆಯಾಗಿ ಹೊರಗೆ ಕಾಣುತ್ತದೆ. ಕಾಣದಿದ್ದರೆ ಅದು ತಿಂದಿಲ್ಲ ಎಂದರ್ಥ.

ಎರಡು-ಮೂರು ವಾರದ ಮರಿಗಳು ಒಂದೊಂದಾಗಿ ಸಾಯುತ್ತಿವೆ, ಉಳಿದವು ಬೆಳೆಯುತ್ತಿಲ್ಲ.

ಬಹುಪಾಲು ಸಂದರ್ಭಗಳಲ್ಲಿ ಇದು ನೀರಿನ ಸಮಸ್ಯೆ. ದಿನಕ್ಕೆ ನಾಲ್ಕು ಸಲ ತಿನ್ನುವ ನೂರಾರು ಮರಿಗಳು ಚಿಕ್ಕ ತೊಟ್ಟಿಯಲ್ಲಿ ಉಂಟುಮಾಡುವ ಕಲ್ಮಶ ಕಡಿಮೆಯಲ್ಲ. ಸಣ್ಣ ಪೈಪಿನಿಂದ ತಳದ ಕಸವನ್ನು ಎಳೆದು ದಿನವೂ ಶೇ 20-30ರಷ್ಟು ನೀರನ್ನು, ಅದೇ ಉಷ್ಣತೆಯ ನೀರಿನಿಂದ, ಬದಲಿಸಿ. ಬೆಳೆದಂತೆ ಮರಿಗಳನ್ನು ಎರಡು-ಮೂರು ತೊಟ್ಟಿಗಳಿಗೆ ಹಂಚಿ.

ಕ್ರಿಬೆನ್ಸಿಸ್ ಮರಿಗಳೆಲ್ಲ ಬಹುತೇಕ ಗಂಡುಗಳೇ ಆಗಿವೆ. ಇದಕ್ಕೆ ಕಾರಣವಿದೆಯೇ?

ಇದೆ. ಕ್ರಿಬೆನ್ಸಿಸ್‌ನಲ್ಲಿ ಮರಿಯ ಲಿಂಗದ ಮೇಲೆ ನೀರಿನ ಪಿಎಚ್ ಪ್ರಭಾವ ಬೀರುತ್ತದೆ. ಆಮ್ಲೀಯ ನೀರಿನಲ್ಲಿ ಗಂಡುಗಳ ಪಾಲು ಹೆಚ್ಚುತ್ತದೆ. ಅಪಿಸ್ಟೋಗ್ರಾಮಾದಲ್ಲಿ ಉಷ್ಣತೆ ಏರಿದಂತೆ ಗಂಡುಗಳು ಹೆಚ್ಚುತ್ತವೆ. ಪಿಎಚ್ ಅನ್ನು 7ರ ಆಸುಪಾಸಿನಲ್ಲಿಟ್ಟು ನೋಡಿ.

ಮಲಾವಿ ಮೀನಿನ ಹೆಣ್ಣು ಬಾಯಿ ಉಬ್ಬಿಸಿಕೊಂಡು ಏನೂ ತಿನ್ನುತ್ತಿಲ್ಲ. ರೋಗವೇ?

ಬಾಯಲ್ಲಿ ಮೊಟ್ಟೆಗಳಿವೆ. ಎಲ್ಲೋ ಲ್ಯಾಬ್ ಮತ್ತು ಅದರ ಬಳಗದ ಹೆಣ್ಣುಗಳು ಸುಮಾರು ಮೂರು-ನಾಲ್ಕು ವಾರ ಬಾಯಲ್ಲಿಯೇ ಮರಿ ಬೆಳೆಸುತ್ತವೆ ಮತ್ತು ಆ ಅವಧಿಯಲ್ಲಿ ಬಹುತೇಕ ಉಪವಾಸವಿರುತ್ತವೆ. ಮರಿಗಳ ಸಂಖ್ಯೆ ಹತ್ತರಿಂದ ಇಪ್ಪತ್ತೈದರಷ್ಟು ಮಾತ್ರ, ಆದರೆ ಹೊರಬರುವಾಗಲೇ ದೊಡ್ಡದಾಗಿರುವುದರಿಂದ ಪುಡಿ ಆಹಾರವನ್ನೂ ತಿನ್ನುತ್ತವೆ. ಎರಡೂವರೆ ವಾರದ ಹೊತ್ತಿಗೆ, ದೀಪ ಆರಿದ ಮೇಲೆ, ತಾಯಿಯನ್ನು ಮೃದುವಾಗಿ ಬೇರೆ ತೊಟ್ಟಿಗೆ ಒಯ್ಯಿರಿ. ಮರಿ ಬಿಟ್ಟ ಮೇಲೆ ಕೆಲವು ದಿನ ಅಲ್ಲಿಯೇ ಚೆನ್ನಾಗಿ ತಿನ್ನಿಸಿ ನಂತರ ಹಿಂದಕ್ಕೆ ಬಿಡಿ. ಒಂದು ಗಂಡಿಗೆ ಮೂರು-ನಾಲ್ಕು ಹೆಣ್ಣು ಇರಲಿ. ಹತ್ತಿರದ ಜಾತಿಗಳು ಪರಸ್ಪರ ಬೆರೆಯುವುದರಿಂದ, ಮಾರುವ ಉದ್ದೇಶವಿದ್ದರೆ ಒಂದು ತೊಟ್ಟಿಯಲ್ಲಿ ಒಂದೇ ಜಾತಿ ಇಡಿ.

ಫ್ಲವರ್‌ಹಾರ್ನ್ ಅಥವಾ ಬ್ಲಡ್ ಪ್ಯಾರಟ್ ಮರಿ ಮಾಡಿಸಬಹುದೇ?

ಇವೆರಡೂ ಮನುಷ್ಯರು ಬೆರಕೆ ಮಾಡಿ ರೂಪಿಸಿದ ಮೀನುಗಳು. ಬ್ಲಡ್ ಪ್ಯಾರಟ್ ಗಂಡುಗಳು ಬಹುತೇಕ ಬಂಜೆ. ಫ್ಲವರ್‌ಹಾರ್ನ್‌ನಲ್ಲಿಯೂ ಅಂಥ ಗಂಡುಗಳು ಅನೇಕ. ಪ್ರಯತ್ನಿಸುವವರು ರಂಧ್ರಗಳಿರುವ ಅಡ್ಡತಡೆ ಹಾಕಲೇಬೇಕು, ಇಲ್ಲದಿದ್ದರೆ ಗಂಡು ಹೆಣ್ಣನ್ನು ಕೊಂದುಬಿಡುತ್ತದೆ. ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಡಿಸ್ಕಸ್ ಮರಿಗಳನ್ನು ಬೇರ್ಪಡಿಸಿ ಬೆಳೆಸಬಹುದೇ? ನಮ್ಮ ನಾಡಿನದೇ ಸಿಕ್ಲಿಡ್ ಇದೆಯೇ?

ಡಿಸ್ಕಸ್ ಮರಿಗಳು ಮೊದಲ ಕೆಲವು ವಾರ ತಂದೆತಾಯಿಯ ಮೈಮೇಲೆ ಒಸರುವ ಲೋಳೆಯನ್ನೇ ತಿಂದು ಬೆಳೆಯುತ್ತವೆ. ಬೇರ್ಪಡಿಸಿದರೆ ಉಳಿಯುವುದು ಬಹಳ ಕಷ್ಟ. 28-30 ಡಿಗ್ರಿ ಉಷ್ಣತೆ, ಮೆದುವಾದ ಆಮ್ಲೀಯ ನೀರು, ದಿನನಿತ್ಯದ ಶ್ರಮ ಇವೆಲ್ಲ ಬೇಕಾದ್ದರಿಂದ ಹೊಸಬರು ಇದರಿಂದ ಆರಂಭಿಸಬಾರದು.

ಲೋಳೆ ತಿನ್ನಿಸುವ ಈ ಗುಣವನ್ನು ನೋಡಲು ಅಮೆಜಾನ್ ಮೀನೇ ಬೇಕೆಂದಿಲ್ಲ. ಭಾರತಕ್ಕೆ ಸಹಜವಾದ ಸಿಕ್ಲಿಡ್‌ಗಳು ಮೂರು. ಕೇರಳ 2010ರಲ್ಲಿ ರಾಜ್ಯ ಮೀನೆಂದು ಘೋಷಿಸಿದ ಕರಿಮೀನ್ ಒಂದು. ಅಂಗೈಗಿಂತ ಚಿಕ್ಕದಾದ ಆರೆಂಜ್ ಕ್ರೋಮೈಡ್ ಇನ್ನೊಂದು. ದಕ್ಷಿಣ ಕನ್ನಡದ ನೇತ್ರಾವತಿ-ಕುಮಾರಧಾರಾ ನದಿಗಳ ಕೆನರಾ ಪರ್ಲ್‌ಸ್ಪಾಟ್ ಮೂರನೆಯದು. ಆರೆಂಜ್ ಕ್ರೋಮೈಡ್ ಮರಿಗಳು ತಂದೆತಾಯಿಯ ಪಕ್ಕೆಗೆ ಬಾಯಿಟ್ಟು ಲೋಳೆ ಹೆಕ್ಕುತ್ತವೆ. ಕ್ಷಾರೀಯ ಗಡಸು ನೀರಿನಲ್ಲಿ ಅಥವಾ ಸ್ವಲ್ಪ ಉಪ್ಪು ನೀರಿನಲ್ಲಿ ಚೆನ್ನಾಗಿ ಬದುಕುವ ಈ ಮೀನಿಗೆ ನಮ್ಮ ಹವ್ಯಾಸಿಗಳು ಇನ್ನೂ ಹೆಚ್ಚಿನ ಗಮನ ಕೊಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಕೆನರಾ ಪರ್ಲ್‌ಸ್ಪಾಟ್ ಮಾತ್ರ ಬೇರೆಲ್ಲಿಯೂ ಸಿಗದ, ಅಳಿವಿನ ಅಪಾಯದಲ್ಲಿರುವ ಮೀನು. ಅದನ್ನು ನದಿಯಿಂದ ಹಿಡಿದು ತರಬೇಡಿ, ಹಾಗೆ ತಂದದ್ದನ್ನು ಕೊಳ್ಳಲೂಬೇಡಿ.

ಮರಿಗಳು ಹೆಚ್ಚಾದರೆ ಏನು ಮಾಡುವುದು? ಕೆರೆಗೆ ಬಿಡಬಹುದೇ?

ಯಾವ ಕಾರಣಕ್ಕೂ ಬಿಡಬಾರದು. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಇಂದು ದಕ್ಷಿಣ ಭಾರತದ ಅಸಂಖ್ಯ ಕೆರೆ-ನದಿಗಳಲ್ಲಿ ಸ್ಥಳೀಯ ಮೀನುಗಳ ಜಾಗವನ್ನು ಆಕ್ರಮಿಸಿದೆ. ತೊಟ್ಟಿಗಳಿಂದ ತಪ್ಪಿಸಿಕೊಂಡ ಸಕರ್ ಮೀನು ಕೂಡ ಹಾಗೆಯೇ ಹರಡಿದೆ. ಕಾನ್ವಿಕ್ಟ್‌ನಂಥ, ಎಲ್ಲಿಯೂ ಒಗ್ಗಿಕೊಳ್ಳುವ ಮೀನುಗಳನ್ನು ಸಾಕುವವರ ಹೊಣೆ ಇಲ್ಲಿ ದೊಡ್ಡದು. ಮೊಟ್ಟೆಯಿಡಿಸುವ ಮೊದಲೇ ಒಂದೆರಡು ಅಂಗಡಿಗಳವರನ್ನು ವಿಚಾರಿಸಿ. ಒಂದು ರೂಪಾಯಿ ನಾಣ್ಯದ ಗಾತ್ರಕ್ಕೆ ಬೆಳೆದ ಆರೋಗ್ಯವಂತ ಏಂಜೆಲ್ ಮರಿಗಳನ್ನು ಹಣಕ್ಕೋ ಆಹಾರದ ಪೊಟ್ಟಣಕ್ಕೋ ತೆಗೆದುಕೊಳ್ಳುವವರು ಸಿಗುತ್ತಾರೆ. ಕಾನ್ವಿಕ್ಟ್ ಮರಿಗಳನ್ನು ಕೊಳ್ಳುವವರು ಕಡಿಮೆ, ಆದ್ದರಿಂದ ಒಂದು ಸಲದ ಮರಿಗಳಿಗೆ ನೆಲೆ ಸಿಗುವವರೆಗೆ ಜೋಡಿಯನ್ನು ಬೇರ್ಪಡಿಸಿಡಿ, ಅಥವಾ ಮುಂದಿನ ಮೊಟ್ಟೆಗಳನ್ನು ಒಡೆಯುವ ಮೊದಲೇ ತೆಗೆದುಬಿಡಿ.